ಹಿಮದ ದಾರಿಗೆ ಎಂಥ ಟಯರ್?

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರದ ಮಗ್ಗುಲಲ್ಲಿ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಕನ್ಯಾಕುಮಾರಿ, ಇನ್ನೊಂದು ತುದಿ ಶ್ರೀನಗರ. ಬಾಗೇಪಲ್ಲಿ ದಾಟಿ ಉತ್ತರಕ್ಕೆ ಮುಖಮಾಡಿದರೆ ರಸ್ತೆಯ ನಂಬರ್ ಬದಲಾಗದೆ ಕಾಶ್ಮೀರ ಸೇರಬಹುದು. ಅಂಬಾಲ ದಾಟಿ ಬೆಟ್ಟದ ಕಡೆ ಹೊರಳಿಕೊಂಡರೆ ಮನಾಲಿ. ಡಿಸೆಂಬರ್ ರಜೆಯಿಂದ ಫೆಬ್ರವರಿಯವರೆಗೆ ಕೆಎ-40, ಕೆಎ-07, ಕೆಎ-06 ನಂಬರಿನ ಕಾರುಗಳು ಈ ದಾರಿ ಹಿಡಿಯುವುದು ಈಗ ಹೊಸ ಸಂಗತಿಯಲ್ಲ. ಹೊರಡುವ ಮುಂಚೆ ಟಯರ್ ಅಂಗಡಿಯಲ್ಲಿ ಕೇಳುವ ಪ್ರಶ್ನೆಯೂ ಒಂದೇ: “ಸ್ನೋಗೆ ಯಾವ್ದು ಹಾಕ್ಸೋದು?” ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: “ದಪ್ಪ ಬಟನ್ ಇರೋ ಎ/ಟಿ ಹಾಕ್ಸಿ ಸಾರ್, ಎಲ್ಲಿಗೆ ಬೇಕಾದ್ರೂ ಹೋಗುತ್ತೆ.” ಹೋಗುತ್ತದೆ, ನಿಜ. ನಿಲ್ಲುವುದಿಲ್ಲ ಅನ್ನುವುದೇ ತೊಂದರೆ. (ಬಟನ್ ಎಂದರೆ ಟಯರ್ ಮೈಮೇಲಿನ ರಬ್ಬರ್ ಉಬ್ಬುಗಳು; ಎ/ಟಿ ಎಂದರೆ ಆಲ್ ಟೆರೇನ್, ಎಲ್ಲ ಬಗೆಯ ನೆಲಕ್ಕೆಂದು ಮಾಡಿದ ಟಯರ್.) ಟಯರ್ ಬಿಚ್ಚಿ ಹಾಕುವುದನ್ನೇ ಕಸುಬು ಮಾಡಿಕೊಂಡಿರುವ ನಾವು ಈ ಉತ್ತರವನ್ನು ತಿದ್ದಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ರಬ್ಬರಿನ ವಿಚಾರ. ತಿಪಟೂರಿನ ಕೊಬ್ಬರಿ ಎಣ್ಣೆ ಬೇಸಿಗೆಯಲ್ಲಿ ನೀರಿನಂತೆ ಹರಿಯುತ್ತದೆ, ಧನುರ್ಮಾಸದ ಬೆಳಗಿನಲ್ಲಿ ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ. ಎಣ್ಣೆ ಅದೇ, ಬದಲಾಗಿರುವುದು ಚಳಿ. ನಮ್ಮ ಕಾರುಗಳಲ್ಲಿರುವ ಟಯರಿನ ರಬ್ಬರಿಗೂ ಇಂಥದೇ ಗುಣವಿದೆ. ಎಣ್ಣೆಯ ಹಾಗೆ ಒಂದೇ ಏಟಿಗೆ ಹೆಪ್ಪುಗಟ್ಟುವುದಿಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿಳಿಯುತ್ತಾ ಹೋದಂತೆ ಬಿರುಸಾಗುತ್ತಾ ಹೋಗುತ್ತದೆ. ಬಿರುಸಾದ ರಬ್ಬರ್ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಬಾಗಿ ಕೂರುವುದಿಲ್ಲ, ಮೇಲೆ ಜಾರುತ್ತದೆ. ಅಂದರೆ ಹಿಮ ಇಲ್ಲದ ಒಣ ರಸ್ತೆಯಲ್ಲೂ, ಮುಂಜಾನೆ ಸೊನ್ನೆ ಡಿಗ್ರಿಯಲ್ಲಿ, ನಮ್ಮೂರಿನ ಟಯರ್ ನಮ್ಮೂರಿನಲ್ಲಿ ಹಿಡಿದಷ್ಟು ಹಿಡಿಯುವುದಿಲ್ಲ. ನಂದಿಬೆಟ್ಟದ ಮೇಲೆ ಹಲ್ಲು ಕಟಕಟಿಸುತ್ತಾ ಟೀ ಕುಡಿಯುವ ಚಳಿಯನ್ನು ಇದಕ್ಕೆ ಹೋಲಿಸಬೇಡಿ; ಆ ಚಳಿಗೆ ನಡುಗುವವರು ನಾವು, ಟಯರ್ ಅಲ್ಲ.

ಚಳಿಗಾಲದ ಟಯರ್ ಎಂದು ಹೊರದೇಶಗಳಲ್ಲಿ ಮಾರುವುದರ ಗುಟ್ಟು ಇಲ್ಲಿದೆ. ಅದರ ರಬ್ಬರಿನ ಮಿಶ್ರಣವೇ ಬೇರೆ. ಸಿಲಿಕಾ ಹೆಚ್ಚು, ಮರದಿಂದ ಇಳಿಸಿದ ಸಹಜ ರಬ್ಬರಿನ ಪಾಲೂ ಹೆಚ್ಚು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಕರಟಕ್ಕೆ ಇಳಿಯುವ ಅದೇ ಹಾಲು ಕಾರ್ಖಾನೆಯಲ್ಲಿ ಮಾಡಿದ ಹಲವು ಬಗೆಯ ರಬ್ಬರಿಗಿಂತ ಹೆಚ್ಚು ಚಳಿ ತಾಳಿಕೊಂಡು ಮೆತ್ತಗಿರುತ್ತದೆ. ಮಳೆ-ಬಿಸಿಲಿನ ನೆಲದ ಮರದ ರಸ ಮೈನಸ್ ಇಪ್ಪತ್ತರಲ್ಲಿ ಕೆಲಸಕ್ಕೆ ಬರುವುದು ಒಂದು ಸೋಜಿಗವೇ.

ಎರಡನೆಯದು ಬಟನ್ನಿನ ಕೆತ್ತನೆ. ಇಲ್ಲಿಯೇ ಎ/ಟಿ ಟಯರ್ ಕೊಳ್ಳುವವರು ಮೋಸ ಹೋಗುವುದು. ಕೆಸರಿಗೆಂದು ಮಾಡಿದ ಟಯರ್ ಕೆಸರನ್ನು ಉಗಿಯಬೇಕು. ಅದಕ್ಕೇ ಬಟನ್‌ಗಳ ನಡುವೆ ಅಗಲವಾದ ಸಂದು. ಹಿಮದ ಟಯರ್ ಹಿಮವನ್ನು ಉಗಿಯಬಾರದು, ಬಾಯಲ್ಲಿ ಇಟ್ಟುಕೊಳ್ಳಬೇಕು. ಮುದ್ದೆಗೆ ಮುದ್ದೆ ಅಂಟುವ ಹಾಗೆ ಹಿಮಕ್ಕೆ ಹಿಮ ಅಂಟುತ್ತದೆ. ಟಯರಿನ ಸಂದಿನಲ್ಲಿ ತುಂಬಿಕೊಂಡ ಹಿಮ ರಸ್ತೆಯ ಮೇಲಿನ ಹಿಮವನ್ನು ಹಿಡಿಯುತ್ತದೆ. ಬರೀ ರಬ್ಬರ್ ಅಷ್ಟು ಹಿಡಿಯಲಾರದು. ಇದಕ್ಕಾಗಿ ಚಳಿಗಾಲದ ಟಯರಿನ ಪ್ರತಿ ಬಟನ್ನಿನ ಮೇಲೂ ಬ್ಲೇಡಿನಲ್ಲಿ ಗೀರಿದಂಥ ಅಂಕುಡೊಂಕು ಸೀಳುಗಳಿರುತ್ತವೆ. ಕಂಪನಿಯವರು ಅದನ್ನು ಸೈಪ್ ಎನ್ನುತ್ತಾರೆ. ಒಂದೊಂದು ಸೀಳೂ ಚಕ್ರ ಉರುಳುವಾಗ ಬಾಯಿಬಿಟ್ಟು ಒಂದೊಂದು ಅಂಚಾಗಿ ಹಿಮವನ್ನು ಕಚ್ಚುತ್ತದೆ. ಎ/ಟಿಯಲ್ಲಿ ಬಟನ್ ದೊಡ್ಡದು, ಸೀಳು ಕಡಿಮೆ, ಕಲ್ಲಿಗೆ ಕೊಯ್ದುಹೋಗಬಾರದೆಂದು ರಬ್ಬರ್ ಗಡಸು. ಆಗಷ್ಟೇ ಬಿದ್ದ ಸಡಿಲ ಹಿಮದಲ್ಲಿ ಅಗೆದುಕೊಂಡು ಮುಂದೆ ಹೋಗುತ್ತದೆ. ನಾಲ್ಕು ಗಾಡಿ ಓಡಾಡಿ ತುಳಿದು ಕಲ್ಲಾದ ಹಿಮದ ಮೇಲೆ, ಅದಕ್ಕಿಂತ ಹೆಚ್ಚಾಗಿ ಗಾಜಿನಂಥ ಮಂಜುಗಡ್ಡೆಯ ಮೇಲೆ, ಅದರ ಆಟ ನಡೆಯುವುದಿಲ್ಲ.

ಹಾಗಾದರೆ ಸರಿಯಾದ ಟಯರನ್ನು ಗುರುತಿಸುವುದು ಹೇಗೆ? ಪಕ್ಕದ ಗೋಡೆ ನೋಡಿ. ಮೂರು ಶಿಖರಗಳ ಒಂದು ಬೆಟ್ಟ, ಅದರೊಳಗೆ ಆರು ಎಸಳಿನ ಹಿಮದ ಹರಳು. ಈ ಚಿತ್ರ ಇದ್ದರೆ ಆ ಟಯರ್ ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದರ್ಥ. ಬರೀ ‘ಎಂ+ಎಸ್’ ಎಂದಿದ್ದರೆ ಅದು ಕೆಸರು ಮತ್ತು ಹಿಮ ಎಂಬುದರ ಮೊದಲಕ್ಷರ ಅಷ್ಟೇ. ಬಟನ್ನಿನ ಆಕಾರ ನೋಡಿ ತಯಾರಕರು ತಾವೇ ಹಾಕಿಕೊಳ್ಳುವ ಗುರುತು, ಅದಕ್ಕೆ ಹಿಮದ ಪರೀಕ್ಷೆ ಇಲ್ಲ. ನಮ್ಮ ಅಂಗಡಿಗಳಲ್ಲಿರುವ ಬಹಳಷ್ಟು ಎ/ಟಿ, ಎಚ್/ಟಿ (ಹೈವೇ ಟೆರೇನ್, ಹೆದ್ದಾರಿಗೆಂದು ಮಾಡಿದ) ಟಯರುಗಳ ಮೇಲೆ ಈ ಅಕ್ಷರಗಳಿವೆ. ಅದನ್ನು ತೋರಿಸಿ “ನೋಡಿ ಸಾರ್, ಸ್ನೋ ಅಂತ ಬರ್ದಿದೆ” ಎನ್ನುವುದು ವ್ಯಾಪಾರ, ಮಾಹಿತಿಯಲ್ಲ. ಎ/ಟಿಯಲ್ಲೂ ಬೆಟ್ಟದ ಗುರುತು ಪಡೆದ ಮಾದರಿಗಳು ಹೊರಗೆ ಉಂಟು. ಗುರುತು ಇದ್ದರೆ ಒಪ್ಪಿಕೊಳ್ಳೋಣ, ಇಲ್ಲದಿದ್ದರೆ ಬೇಡ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದಲ್ಲಿಂದ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಘರ್ಷಣೆ, ಅಂದರೆ ಟಯರ್ ರಸ್ತೆಯನ್ನು ಹಿಡಿಯುವ ಬಲದ ಅಳತೆ, 0.2ಕ್ಕೆ ಇಳಿದರೆ ಅದೇ ಕಾರಿಗೆ 31 ಮೀಟರ್ ಬೇಕು. ಒಳ್ಳೆಯ ಚಳಿಗಾಲದ ಟಯರ್ ಆ ಘರ್ಷಣೆಯನ್ನು 0.3ಕ್ಕೆ ಏರಿಸಿದರೂ ಸಾಕು, 21 ಮೀಟರಿಗೆ ನಿಲ್ಲುತ್ತದೆ. ಉಳಿದ ಹತ್ತು ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಸರ್ಕಾರಿ ಬಸ್ಸಿನ ಉದ್ದ. ಮಂಜುಗಡ್ಡೆಯ ಮೇಲೆ ಘರ್ಷಣೆ 0.1 ಆದರೆ 63 ಮೀಟರ್. ಇದೆಲ್ಲ ಸಮತಟ್ಟಾದ ರಸ್ತೆಯ ಲೆಕ್ಕ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಇಳಿಜಾರಿನಲ್ಲಿ ಘರ್ಷಣೆ 0.1 ಮಾತ್ರ ಇದ್ದರೆ ಬ್ರೇಕ್ ಹಿಡಿದ ಕಾರು ನಿಲ್ಲುವುದೇ ಇಲ್ಲ. ತಡೆಗೋಡೆಯೋ ಮುಂದಿನ ಗಾಡಿಯೋ ನಿಲ್ಲಿಸಬೇಕು. ಬೆಟ್ಟದ ರಸ್ತೆಯಲ್ಲಿ ಸಾಲಾಗಿ ನಿಂತ ಕಾರುಗಳಿಗೆ ಮೇಲಿನಿಂದ ಒಂದು ಕಾರು ನಿಧಾನವಾಗಿ, ಚಕ್ರ ತಿರುಗದೆ, ಜಾರಿ ಬಂದು ಗುದ್ದುವ ವಿಡಿಯೊಗಳನ್ನು ಎಲ್ಲರೂ ನೋಡಿದ್ದೇವೆ. ಆ ಚಾಲಕ ಬ್ರೇಕ್ ಒತ್ತದೆ ಕೂತಿಲ್ಲ. ಅವನ ಕಾಲು ಪೆಡಲ್ ಮೇಲೇ ಇದೆ.

ಫೋರ್ ವ್ಹೀಲ್ ಡ್ರೈವ್ ಇದ್ದರೆ ಸಾಕಲ್ಲವೇ ಎಂಬ ಮಾತಿಗೂ ಉತ್ತರ ಇದರಲ್ಲೇ ಇದೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋದರೆ ಕಾರು ಹೊರಡುತ್ತದೆ, ಏರು ಹತ್ತುತ್ತದೆ. ನಿಲ್ಲಿಸಲು ಎಲ್ಲ ಕಾರಿಗೂ ಮೊದಲಿನಿಂದಲೇ ನಾಲ್ಕು ಚಕ್ರದ ಬ್ರೇಕ್ ಇದೆ. ಹತ್ತಿಸುವುದು ಗೇರು, ಇಳಿಸುವುದು ಟಯರ್. ಸುಲಭವಾಗಿ ಹತ್ತಿಬಿಟ್ಟ ಧೈರ್ಯದಲ್ಲಿ ಇಳಿಯಲು ಹೋಗಿ ಕೆಟ್ಟವರೇ ಹೆಚ್ಚು.

ಸರಿ, ಚಿಕ್ಕಬಳ್ಳಾಪುರದಲ್ಲಿ ಬೆಟ್ಟದ ಗುರುತಿನ ಟಯರ್ ಹುಡುಕೋಣ ಎಂದರೆ ಸಿಗುವುದು ಕಷ್ಟ. ಬೆಂಗಳೂರಿನಲ್ಲೂ ಸಾಮಾನ್ಯ ಸೈಜಿನಲ್ಲಿ ಕೇಳಿದ ತಕ್ಷಣ ಕಪಾಟಿನಿಂದ ತೆಗೆದುಕೊಡುವ ಸರಕಲ್ಲ ಅದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದಿಗೆ ನಿರ್ಬಂಧ ಹಾಕಿ ಲೈಸೆನ್ಸ್ ಬೇಕೆಂದಿತು. ತಮಾಷೆ ಎಂದರೆ ನಮ್ಮ ದೇಶದ ಅಪೊಲೊ ಕಂಪನಿ 2009ರಲ್ಲಿ ಕೊಂಡ ನೆದರ್‌ಲೆಂಡ್ಸ್‌ನ ವ್ರೆಡೆಸ್ಟೈನ್ ಬ್ರಾಂಡ್ ಯೂರೋಪಿನಲ್ಲಿ ಚಳಿಗಾಲದ ಟಯರಿಗೇ ಹೆಸರುವಾಸಿ. ಇಲ್ಲಿ ಬೇಡಿಕೆ ಇಲ್ಲ, ಅದಕ್ಕೆ ಸರಕಿಲ್ಲ. ವ್ಯಾಪಾರದ ದೃಷ್ಟಿಯಿಂದ ತಪ್ಪೂ ಅಲ್ಲ.

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ಸಿಕ್ಕರೂ ಅದನ್ನು ಇಲ್ಲಿಂದ ಹಾಕಿಕೊಂಡು ಹೋಗುವುದು ಜಾಣತನವಲ್ಲ. ಇಲ್ಲಿಂದ ಹಿಮದವರೆಗೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಅದರಲ್ಲಿ ಹಿಮವಿರುವುದು ಕೊನೆಯ ಐವತ್ತೋ ನೂರೋ ಕಿ.ಮೀ. ಕರ್ನೂಲು, ನಾಗಪುರದ ಕಡೆ ಮಧ್ಯಾಹ್ನ 30 ಡಿಗ್ರಿಯ ರಸ್ತೆಯಲ್ಲಿ 100ರ ವೇಗದಲ್ಲಿ ಓಡಿದರೆ ಈ ಮೆತ್ತನೆಯ ರಬ್ಬರ್ ರಬ್ಬರಿನಂತೆಯೇ ಸವೆಯುತ್ತದೆ, ಅಂದರೆ ಪೆನ್ಸಿಲ್ ಅಳಿಸುವ ರಬ್ಬರಿನಂತೆ. ಬಿಸಿ ರಸ್ತೆಯಲ್ಲಿ ಅದರ ಬಟನ್ ಬಾಗಿ ಕಾರು ತೇಲಿದಂತಾಗುತ್ತದೆ, ನಿಲ್ಲುವ ದೂರವೂ ಹೆಚ್ಚುತ್ತದೆ. ಆದ್ದರಿಂದ ಇಲ್ಲಿಂದ ಸ್ವಂತ ಕಾರಿನಲ್ಲಿ ಹೋಗುವವರಿಗೆ ನಮ್ಮ ಸಲಹೆ ಸರಳ: ಈಗಿರುವ ಜಾತಿಯ ರಸ್ತೆ ಟಯರೇ ಇರಲಿ, ಆದರೆ ನಾಲ್ಕೂ ಒಳ್ಳೆಯದಿರಲಿ; ಜೊತೆಗೆ ನಿಮ್ಮ ಟಯರ್ ಸೈಜಿಗೆ ಸರಿಹೊಂದುವ ಹಿಮದ ಚೈನ್ ಇರಲಿ; ಮತ್ತು ಹಿಮ ಸುರಿಯುವ ದಿನ ಕಾರನ್ನು ಕೆಳಗಿನ ಊರಿನಲ್ಲೇ ಬಿಟ್ಟು ಅಲ್ಲಿಯ ಗಾಡಿ, ಅಲ್ಲಿಯ ಚಾಲಕನನ್ನು ಹಿಡಿದು ಹೋಗುವ ಮನಸ್ಸಿರಲಿ. ಮೂರನೆಯದಕ್ಕೆ ಖರ್ಚು ಕಡಿಮೆ, ಒಪ್ಪುವವರೂ ಕಡಿಮೆ.

‘ಒಳ್ಳೆಯದು’ ಎಂದರೆ ಎಷ್ಟು? ಹೊಸ ಕಾರ್ ಟಯರಿನ ಸಂದಿನ ಆಳ ಸುಮಾರು 8 ಮಿ.ಮೀ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ, ಸಂದಿನೊಳಗೆ ಅಡ್ಡ ಕಾಣುವ ಸಣ್ಣ ಉಬ್ಬು ಆ ಮಟ್ಟವನ್ನು ತೋರಿಸುತ್ತದೆ. ಹಿಮಕ್ಕೆ ಆ ಲೆಕ್ಕ ನಡೆಯದು, 4 ಮಿ.ಮೀ.ಗಿಂತ ಕಡಿಮೆಯಾದರೆ ಹಿಮ ಹಿಡಿದಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಆಳ ಅಳೆಯುವ ಗೇಜ್ ಯಾವ ಟಯರ್ ಅಂಗಡಿಯಲ್ಲೂ ಇರುತ್ತದೆ, ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಇಟ್ಟು ನೋಡಿಸಿ. ಅಲೈನ್‌ಮೆಂಟ್ ತಪ್ಪಿದ ಕಾರುಗಳಲ್ಲಿ ಹೊರಗೆ 5 ಇದ್ದು ಒಳಗೆ 2 ಇರುವುದು ಬಹಳ. ಹಾಗೆಯೇ ಪಕ್ಕದ ಗೋಡೆಯಲ್ಲಿ ‘ಡಾಟ್’ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 3523 ಎಂದಿದ್ದರೆ 2023ರ 35ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟಯರಿನಲ್ಲಿ ಬಟನ್ ಪೂರ್ತಿ ಇದ್ದರೂ ರಬ್ಬರ್ ಆಗಲೇ ಒಣಗಿರುತ್ತದೆ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡುವ, ಮನೆ ಮುಂದೆ ಬಿಸಿಲಲ್ಲಿ ನಿಂತ ಕಾರುಗಳದು ಇದೇ ಕಥೆ. ಸ್ಟೆಪ್ನಿಯನ್ನು ಮರೆಯಬೇಡಿ. ಅದೇ ಎಲ್ಲಕ್ಕಿಂತ ಹಳೆಯದಾಗಿರುತ್ತದೆ.

ಹೊಸ ಟಯರ್ ಎರಡೇ ಕೊಂಡು ಮುಂದಕ್ಕೆ ಹಾಕಿಸಿ ಹೊರಡುವುದು ಇನ್ನೊಂದು ತಪ್ಪು. ಮುಂದಿನ ಚಕ್ರ ಹಿಡಿಯುತ್ತದೆ, ಹಿಂದಿನದು ಹಿಡಿಯುವುದಿಲ್ಲ. ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಕಾರಿನ ಬೆನ್ನು ಮುಂದಕ್ಕೆ ಬರುತ್ತದೆ. ನಾಲ್ಕೂ ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಅಗಲದ ವಿಷಯದಲ್ಲೂ ನಮ್ಮ ಹುಡುಗರ ಶೋಕಿ ಹಿಮಕ್ಕೆ ಆಗಿಬರುವುದಿಲ್ಲ. ಅಗಲ ಟಯರ್ ಹಿಮದ ಗಂಜಿಯ ಮೇಲೆ ತೇಲುತ್ತದೆ, ಕಿರಿದು ಅದನ್ನು ಸೀಳಿ ಕೆಳಗಿನ ನೆಲ ಮುಟ್ಟುತ್ತದೆ. ಕಂಪನಿಯೇ ಒಪ್ಪಿದ ಎರಡು ಸೈಜ್ ಇದ್ದರೆ ಕಿರಿದನ್ನು ಆರಿಸಿ. ಉದಾಹರಣೆಗೆ 205/55 ಆರ್16 (ಅಗಲ ಮಿ.ಮೀ.ನಲ್ಲಿ, ಗೋಡೆಯ ಎತ್ತರ ಅಗಲದ ಶೇಕಡಾದಲ್ಲಿ, ರಿಮ್ ಇಂಚಿನಲ್ಲಿ) ಮತ್ತು 195/65 ಆರ್15 ಎರಡರ ಒಟ್ಟು ವ್ಯಾಸ ಸುಮಾರು 632 ಮತ್ತು 634 ಮಿ.ಮೀ.; ಸ್ಪೀಡೋಮೀಟರ್ ಕೂಡ ತಪ್ಪುವುದಿಲ್ಲ. ಸಣ್ಣ ಕಾರುಗಳ 185/65 ಆರ್15 ಮತ್ತು 165/80 ಆರ್14 ಕೂಡ ಹಾಗೆಯೇ ಜೋಡಿ. ಆದರೆ ಸಣ್ಣ ರಿಮ್ ಬ್ರೇಕಿಗೆ ತಗುಲದೆ ಕೂರುತ್ತದೆಯೇ ಎಂದು ಮೊದಲು ಹಾಕಿ ತಿರುಗಿಸಿ ನೋಡಬೇಕು.

ಚೈನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯವರಿಗೆ ಇದೇ ನಿಜವಾದ ಆಸರೆ. ಮನಾಲಿಯಿಂದ ಮೇಲಕ್ಕೆ, ಸೋಲಂಗ್, ಅಟಲ್ ಸುರಂಗದ ಕಡೆಗೆ, ಹಿಮ ಬಿದ್ದ ದಿನಗಳಲ್ಲಿ ಫೋರ್ ವ್ಹೀಲ್ ಡ್ರೈವ್ ಅಥವಾ ಚೈನ್ ಇದ್ದ ಗಾಡಿಗಳನ್ನಷ್ಟೇ ಪೊಲೀಸರು ಬಿಡುವುದುಂಟು. ಚೈನ್ ಟಯರಿನ ಸೈಜಿಗೆ ತಕ್ಕದ್ದೇ ಆಗಬೇಕು. ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ನಿಮ್ಮ ಟಯರಿನ ಮೂರೂ ಅಂಕಿ ಇದೆಯೇ ನೋಡಿ. ಸಾಮಾನ್ಯ ಕಾರಿಗೆ 9 ಮಿ.ಮೀ. ಕೊಂಡಿಯ ಚೈನ್ ನಡೆಯುತ್ತದೆ. ಚಕ್ರ ಮತ್ತು ಶಾಕ್ ಅಬ್ಸಾರ್ಬರ್ ನಡುವೆ ಬೆರಳು ತೂರದಷ್ಟು ಜಾಗವಿದ್ದರೆ ಅದಕ್ಕಿಂತ ತೆಳುವಾದದ್ದು ಬೇಕು, ಇಲ್ಲವೇ ಟಯರಿಗೆ ಹೊದಿಸುವ ಬಟ್ಟೆಯ ಚೀಲ. ಬಟ್ಟೆಯದು ಹಗುರ, ಹಾಕುವುದು ಸುಲಭ, ಆದರೆ ಹಿಮ ಇಲ್ಲದ ಡಾಂಬರಿನ ಮೇಲೆ ಬೇಗ ಹರಿಯುತ್ತದೆ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿ, ತಂತಿ ಕಟ್ಟುವ ಟ್ಯಾಗಿನಂಥವನ್ನು ನಂಬಿ ಬೆಟ್ಟ ಹತ್ತಬೇಡಿ. ಚಳಿಯಲ್ಲಿ ಅವು ಹಪ್ಪಳದಂತೆ ಮುರಿಯುತ್ತವೆ. ಚೈನನ್ನು ಎಂಜಿನ್ ತಿರುಗಿಸುವ ಚಕ್ರಕ್ಕೆ ಹಾಕಬೇಕು. ನಮ್ಮ ಹೆಚ್ಚಿನ ಕಾರುಗಳಲ್ಲಿ ಅದು ಮುಂದಿನ ಜೋಡಿ, ಹಳೆಯ ಜೀಪು, ಕೆಲವು ದೊಡ್ಡ ಎಸ್‌ಯುವಿಗಳಲ್ಲಿ ಹಿಂದಿನದು. ಫೋರ್ ವ್ಹೀಲ್ ಗಾಡಿಯಾದರೆ ಕಾರಿನ ಪುಸ್ತಕ ಹೇಳಿದಂತೆ. ನಾಲ್ಕಕ್ಕೂ ಹಾಕಿದರೆ ಉತ್ತಮ.

ಹಾಕುವುದನ್ನು ಮನೆಯ ಅಂಗಳದಲ್ಲೇ ಎರಡು ಮೂರು ಸಲ ಕಲಿತು ಹೊರಡಿ. ಮೈನಸ್ ಐದು ಡಿಗ್ರಿಯಲ್ಲಿ, ಮರಗಟ್ಟಿದ ಬೆರಳಲ್ಲಿ, ಹಿಂದಿನವರ ಹಾರನ್ ಕೇಳುತ್ತಾ ಕಲಿಯುವ ಕೆಲಸ ಅದಲ್ಲ. ಏರು ಶುರುವಾಗುವ ಮುಂಚೆ, ಸಮತಟ್ಟಾದ ಜಾಗದಲ್ಲಿ, ರಸ್ತೆಯಿಂದ ಒತ್ತಿಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಚೈನ್ ನೆಲಕ್ಕೆ ಹರವಿ ಸಿಕ್ಕು, ತಿರುಚು ಬಿಡಿಸಿ. ಕೊಕ್ಕೆಗಳ ಬಾಯಿ ಹೊರಮುಖವಾಗಿರಲಿ. ಒಳಮುಖವಾದರೆ ಅವು ಟಯರಿನ ಗೋಡೆಯನ್ನೇ ಕೊರೆಯುತ್ತವೆ. ಬಳೆಯಾಕಾರದ ತಂತಿಯನ್ನು ಚಕ್ರದ ಹಿಂದಿನಿಂದ ತೂರಿಸಿ ಮೇಲಕ್ಕೆ ತಂದು ಕೊಂಡಿ ಹಾಕಿ, ಅದು ಪೂರ್ತಿ ಟಯರಿನ ಹಿಂಬದಿಗೆ ಸರಿಯುವಂತೆ ತಳ್ಳಿ. ಆಮೇಲೆ ಮುಂಭಾಗದ ಕೊಂಡಿ, ಕೊನೆಗೆ ಬಿಗಿ ಎಳೆಯುವ ಸರಪಣಿ. ಉಳಿದ ತುದಿ ನೇತಾಡದಂತೆ ಸಿಕ್ಕಿಸಬೇಕು. ಐವತ್ತು ನೂರು ಮೀಟರ್ ನಿಧಾನ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಮಾಡದವರ ಚೈನೇ ದಾರಿಯಲ್ಲಿ ಕಳಚಿ ಬ್ರೇಕ್ ಪೈಪಿಗೆ, ಮಡ್‌ಗಾರ್ಡಿಗೆ ಬಡಿಯುವುದು. ವೇಗ 40 ಮೀರಬಾರದು. ಹಿಮ ಮುಗಿದು ಡಾಂಬರ್ ಕಂಡ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಚೈನೂ ಹೋಗುತ್ತದೆ, ಟಯರೂ ಹೋಗುತ್ತದೆ. ರಸ್ತೆಗೆ ಉಪ್ಪು ಹಾಕಿರಬಹುದು, ಆದ್ದರಿಂದ ಊರಿಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿಡಿ. ಸಾಮಾನಿನ ಪಟ್ಟಿಗೆ ರಬ್ಬರ್ ಕೈಗವಸು, ಮಂಡಿಯೂರಲು ಒಂದು ಹಳೆಯ ಗೋಣಿಚೀಲ, ತಲೆಗೆ ಕಟ್ಟುವ ಟಾರ್ಚ್ ಸೇರಿಸಿ.

ಗಾಳಿಯ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳು ಓಡಾಡುತ್ತಿವೆ. ಒಂದು, ಹಿಮದಲ್ಲಿ ಗಾಳಿ ಇಳಿಸಿದರೆ ಗ್ರಿಪ್ ಬರುತ್ತದೆ ಎಂಬುದು. ಮರಳಿನಲ್ಲಿ, ರಸ್ತೆಯೇ ಇಲ್ಲದ ಆಳವಾದ ಹಿಮದಲ್ಲಿ ಅದು ಸರಿ. ತುಳಿದ ಹಿಮದ ರಸ್ತೆಯಲ್ಲಿ ಗಾಳಿ ಇಳಿಸಿದರೆ ಬಟನ್‌ಗಳ ಸಂದು ಮುಚ್ಚಿಕೊಂಡು, ಸ್ಟೀರಿಂಗ್ ಸಡಿಲವಾಗಿ ನಷ್ಟವೇ. ಚಾಲಕನ ಬಾಗಿಲ ಪಟ್ಟಿಯಲ್ಲಿ ಬರೆದಷ್ಟು ಇರಲಿ. ಎರಡು, ನೈಟ್ರೋಜನ್ ತುಂಬಿಸಿದರೆ ಒತ್ತಡ ಬದಲಾಗುವುದಿಲ್ಲ ಎಂಬುದು. ಚಳಿಗೆ ಎಲ್ಲ ಅನಿಲವೂ ಕುಗ್ಗುತ್ತದೆ. ಸುಮಾರು ಪ್ರತಿ ಐದಾರು ಡಿಗ್ರಿ ಇಳಿಕೆಗೆ ಒಂದು ಪಿಎಸ್‌ಐ. ಈ ಲೆಕ್ಕದಲ್ಲಿ ಚಿಕ್ಕಬಳ್ಳಾಪುರದ 30 ಡಿಗ್ರಿಯಲ್ಲಿ 33 ತುಂಬಿಸಿದ್ದು ಸೊನ್ನೆ ಡಿಗ್ರಿಯ ಮನಾಲಿಯಲ್ಲಿ 28ಕ್ಕೆ ಬರಬೇಕು. ಆದರೆ ಗೇಜ್ 30 ತೋರಿಸುತ್ತದೆ. ಗೇಜ್ ಕೆಟ್ಟಿಲ್ಲ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಗೇಜ್ ಅಳೆಯುವುದು ಒಳಗಿನ ಮತ್ತು ಹೊರಗಿನ ವ್ಯತ್ಯಾಸವನ್ನು. ಚಳಿ ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ಎತ್ತರ ವಾಪಸ್ ಕೊಡುತ್ತದೆ. ಹಾಗಾಗಿ ಮನೆಯಲ್ಲೇ ಐದಾರು ಪಿಎಸ್‌ಐ ಹೆಚ್ಚು ತುಂಬಿಸಿ ಹೊರಡಬೇಡಿ, ಬಿಸಿ ಬಯಲಿನಲ್ಲಿ ಅದು ಅತಿಯಾಗುತ್ತದೆ. ಅಲ್ಲಿ ಸೇರಿದ ಮರುದಿನ ಬೆಳಿಗ್ಗೆ, ಕಾರು ಓಡಿಸುವ ಮುಂಚೆ ಅಳೆದು ಸರಿಮಾಡಿ. ಅಲ್ಲಿ 33ಕ್ಕೆ ಸರಿಮಾಡಿದ್ದು ಊರಿಗೆ ಬಂದಾಗ 36 ಆಗಿರುತ್ತದೆ, ಆಗ ಇಳಿಸಿ.

ಚಕ್ರಕ್ಕೆ ಸಂಬಂಧಿಸಿದ ಇನ್ನೆರಡು ಸಣ್ಣ ಸಂಗತಿ. ರಾತ್ರಿ ಹಿಮದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಒದ್ದೆಯಾದ ಬ್ರೇಕ್ ಲೈನರ್ ಡ್ರಮ್ಮಿಗೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಹೊರಟಾಗ ಸ್ಟೀರಿಂಗ್ ನಡುಗಿದರೆ ಗಾಬರಿಯಾಗಿ ಬ್ಯಾಲೆನ್ಸಿಂಗ್ ಅಂಗಡಿ ಹುಡುಕಬೇಡಿ. ರಿಮ್ಮಿನ ಒಳಮೈಯಲ್ಲಿ ಹಿಮ ಒಂದು ಕಡೆ ಗಟ್ಟಿಯಾಗಿ ಕೂತಿರುತ್ತದೆ, ಕೋಲಿನಿಂದ ತಟ್ಟಿ ಉದುರಿಸಿದರೆ ನಡುಕ ನಿಲ್ಲುತ್ತದೆ. ಬಿಸಿನೀರು ಸುರಿಯಬೇಡಿ, ಅದೇ ನೀರು ಅರ್ಧ ಗಂಟೆಯಲ್ಲಿ ಚಕ್ರದ ಕೆಳಗೆ ಮಂಜುಗಡ್ಡೆ.

ಒಂದು ಎಚ್ಚರಿಕೆ ಜಾಗದ ಬಗ್ಗೆ. ಅತಿ ಹೆಚ್ಚು ಜಾರುವುದು ಮೈ ಕೊರೆಯುವ ಮೈನಸ್ ಹದಿನೈದರಲ್ಲಿ ಅಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಆಗ ಮಂಜುಗಡ್ಡೆಯ ಮೇಲೆ ನೀರಿನ ತೆಳುಪದರ ನಿಂತಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಕರಗಿದ್ದು ಸಂಜೆ ನಾಲ್ಕೈದು ಗಂಟೆಗೆ ಬೆಟ್ಟದ ನೆರಳಿನ ತಿರುವಿನಲ್ಲಿ, ಸೇತುವೆಯ ಮೇಲೆ, ಸುರಂಗದ ಬಾಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಡಾಂಬರಿನ ಕಪ್ಪು ಬಣ್ಣವೇ ಕಾಣುತ್ತದೆ, ಬರೀ ಒದ್ದೆ ಎನ್ನಿಸುತ್ತದೆ. ಸುಮಾರು 3,000 ಮೀಟರಿಗೂ ಮೇಲಿರುವ 9.02 ಕಿ.ಮೀ. ಉದ್ದದ ಅಟಲ್ ಸುರಂಗದೊಳಗೆ ಒಣ ರಸ್ತೆಯಲ್ಲಿ ಹಾಯಾಗಿ ಬಂದವರು ಸಿಸ್ಸು ಕಡೆಯ ಬಾಯಿಂದ ಹೊರಬಿದ್ದ ಕೂಡಲೇ ಬ್ರೇಕ್ ಒತ್ತುವುದು ಇಂಥ ಜಾಗದಲ್ಲೇ. ಹೊರಬರುವ ಮುಂಚೆಯೇ ವೇಗ ಇಳಿದಿರಬೇಕು.

ಹೊರದೇಶದಲ್ಲಿರುವ ಮಕ್ಕಳ ತಂದೆತಾಯಿಗೆ ಬೇರೆಯೇ ಮಾತು. ಅಲ್ಲಿ ಟಯರ್ ಸಿಗುತ್ತದೆ, ಕಾನೂನೂ ಇದೆ, ಆದ್ದರಿಂದ ಜುಗ್ಗತನಕ್ಕೆ ಕಾರಣವಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರ್ ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಹಾಕಿಸಿದವರಿಗೆ ಇನ್ಶೂರೆನ್ಸ್ ಕಂತಿನಲ್ಲಿ ರಿಯಾಯಿತಿ ಉಂಟು. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ಬೇಕು, ಟಯರಿನ ಸಂದಿನ ಆಳ 3.5 ಮಿ.ಮೀ.ಗೆ ಕಡಿಮೆ ಇರಬಾರದು. ಜರ್ಮನಿಯಲ್ಲಿ ತಾರೀಖಿಲ್ಲ, ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದರೆ ಬೆಟ್ಟದ ಗುರುತಿನ ಟಯರ್ ಇರಲೇಬೇಕು, ಇಲ್ಲದಿದ್ದರೆ 60 ಯೂರೊ ದಂಡ ಮತ್ತು ಲೈಸೆನ್ಸಿನ ಲೆಕ್ಕಕ್ಕೆ ಒಂದು ತಪ್ಪಿನ ಪಾಯಿಂಟ್. ಹಳೆಯ ಎಂ+ಎಸ್ ಟಯರುಗಳಿಗೆ ಕೊಟ್ಟಿದ್ದ ರಿಯಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ವಿದ್ಯಾರ್ಥಿಗಳು ಇದನ್ನು ನೋಡಲೇಬೇಕು. ಹೆಸರಿನ ಗೊಂದಲವೂ ಇದೆ: ಅಮೆರಿಕ, ಕೆನಡಾದಲ್ಲಿ ‘ಆಲ್ ಸೀಸನ್’ ಎಂದರೆ ಸಾಮಾನ್ಯವಾಗಿ ಬೆಟ್ಟದ ಗುರುತು ಇಲ್ಲದ್ದು, ‘ಆಲ್ ವೆದರ್’ ಎಂದರೆ ಇರುವುದು. ಯೂರೋಪಿನಲ್ಲಿ ‘ಆಲ್ ಸೀಸನ್’ ಮೇಲೂ ಆ ಗುರುತು ಸಾಮಾನ್ಯ. ಹೆಸರು ಬಿಟ್ಟು ಚಿತ್ರ ನೋಡುವುದೇ ಸರಿ. ಚಳಿಗಾಲದ ಟಯರಲ್ಲೂ ಎರಡು ಬಗೆ: ಜರ್ಮನಿಯಂಥ ಕಡೆಗೆ ಒದ್ದೆ ರಸ್ತೆ, ಹಿಮಗಂಜಿಗೆ ಹೊಂದುವುದು, ಸ್ವೀಡನ್, ಫಿನ್‌ಲೆಂಡ್, ಕೆನಡಾದ ಒಳನಾಡಿಗೆ ಮಂಜುಗಡ್ಡೆಗೆಂದು ಇನ್ನೂ ಮೆತ್ತಗೆ ಮಾಡಿದ್ದು. 2021ರ ಮೇ ತಿಂಗಳಿಂದ ಯೂರೋಪಿನ ಟಯರ್ ಚೀಟಿಯಲ್ಲಿ ಹಿಮಕ್ಕೊಂದು, ಮಂಜುಗಡ್ಡೆಗೊಂದು ಬೇರೆ ಬೇರೆ ಚಿತ್ರವಿದೆ. ಲೋಹದ ಮೊಳೆ ಕೂರಿಸಿದ ಟಯರ್ ಸ್ವೀಡನ್ನಿನಲ್ಲಿ ಸಾಮಾನ್ಯ, ಜರ್ಮನಿಯಲ್ಲಿ ನಿಷಿದ್ಧ.

ಅಲ್ಲಿಯವರು ಬೇರೆ ರಿಮ್ಮಿಗೆ ಹಾಕಿದ ಒಂದು ಜೊತೆ ಇಟ್ಟುಕೊಂಡು ಅಕ್ಟೋಬರಿನಲ್ಲಿ ಬದಲಿಸಿ ಏಪ್ರಿಲ್‌ನಲ್ಲಿ ಮತ್ತೆ ಬದಲಿಸುತ್ತಾರೆ. ಪ್ರತಿ ಸಲ ಟಯರ್ ಕಳಚಿ ಹಾಕಿಸುವ ಕೂಲಿಗಿಂತ ಎರಡು ಮೂರು ವರ್ಷದಲ್ಲಿ ಇದೇ ಅಗ್ಗ. ಬದಲಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್‌ಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿ ನೋಡಬೇಕು, ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಬಾಣ ಇರಬೇಕು. ಹೊಸ ಟಯರಿನ ಮೈಮೇಲೆ ಅಚ್ಚಿನ ಜಿಡ್ಡಿರುತ್ತದೆ, ಮೊದಲ 200-300 ಕಿ.ಮೀ. ಮೆಲ್ಲಗೆ ಓಡಿಸಲಿ. ಮೊದಲ ಹಿಮ ಬಿದ್ದ ದಿನ ಟಯರ್ ಅಂಗಡಿಗೆ ಹೋದರೆ ನಮ್ಮಲ್ಲಿ ಆಯುಧಪೂಜೆಯ ಹಿಂದಿನ ದಿನ ಸರ್ವೀಸಿಗೆ ಬಿಟ್ಟಂತೆ, ಸರದಿ ಸಿಗುವುದಿಲ್ಲ.

ನಮ್ಮದು ಎರಡು ಕೋರಿಕೆ. ಜಿಲ್ಲೆಯ ಟಯರ್ ವ್ಯಾಪಾರಿ ಮಿತ್ರರು ಬೆಟ್ಟದ ಗುರುತಿಲ್ಲದ ಟಯರನ್ನು ‘ಸ್ನೋ ಟಯರ್’ ಎಂದು ಬಾಯಿಮಾತಿನಲ್ಲೂ ಮಾರಬಾರದು. ಗಿರಾಕಿ ಮನಾಲಿ, ಕಾಶ್ಮೀರ ಎಂದರೆ ಮೊದಲು ಆಳ, ತಯಾರಾದ ವರ್ಷ, ಚೈನ್ ಸೈಜ್ ಮೂರನ್ನು ಹೇಳಲಿ, ಆಮೇಲೆ ವ್ಯಾಪಾರ. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಹಿಮದ ಚಿತ್ರಗಳ ಪಕ್ಕದಲ್ಲಿ, ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂಬುದರ ಜೊತೆಗೆ, ಕಾರನ್ನು ಎಲ್ಲಿ ನಿಲ್ಲಿಸಿ ಅಲ್ಲಿಯ ಗಾಡಿ ಹತ್ತಬೇಕು ಎಂಬ ಒಂದು ಸಾಲನ್ನೂ ಸೇರಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಟಯರ್ ಮತ್ತು ವ್ಹೀಲ್ ಅಲೈನ್‌ಮೆಂಟ್ ಕೆಲಸದ ಗೆಳೆಯರು,
ಚಿಕ್ಕಬಳ್ಳಾಪುರ